ದೊಡ್ಡವರಿಲ್ಲದ ಪಾರ್ಕು

ಬೆಂಗಳೂರಿನ ಬಡಾವಣೆಗಳ ಪಾರ್ಕಿನ ಗೇಟಿನ ಪಕ್ಕ ಸಾಮಾನ್ಯವಾಗಿ ಒಂದು ಬೋರ್ಡು ಇರುತ್ತದೆ. ಹುಲ್ಲಿನ ಮೇಲೆ ನಡೆಯಬೇಡಿ, ಹೂವು ಕೀಳಬೇಡಿ, ಮರ ಹತ್ತಬೇಡಿ, ಚೆಂಡಾಟ ನಿಷೇಧಿಸಲಾಗಿದೆ, ಗಲಾಟೆ ಮಾಡಬಾರದು. ನಿಧಾನವಾಗಿ ಓದಿದರೆ ನಗು ಬರುತ್ತದೆ. 1980ರ ದಶಕದಲ್ಲಿ ನಾವು ಸ್ಕೂಲಿಂದ ಬಂದು, ಚೀಲ ಎಸೆದು, ಕೈಯಲ್ಲೊಂದು ಬನ್ನು ಹಿಡಿದು ಓಡಿಹೋಗಿ ಏನೇನು ಮಾಡುತ್ತಿದ್ದೆವೋ ಅದನ್ನೇ ಯಾರೋ ಕೂತು ಪಟ್ಟಿ ಮಾಡಿದ ಹಾಗಿದೆ.

ನಮ್ಮ ಪಾರ್ಕಿನಲ್ಲಿ ಇದ್ದದ್ದಾದರೂ ಏನು? ಉಯ್ಯಾಲೆ, ತಗಡಿನ ಜಾರುಬಂಡೆ, ಒಂದಷ್ಟು ಹೊಂಗೆ ಮರ, ಮೂಲೆಯಲ್ಲೊಂದು ಸೀಬೆ ಗಿಡ, ಮತ್ತೆ ಕೋಲು ಹಿಡಿದ ಮಾಲಿ. ಅಪ್ಪ ಅಮ್ಮ ಅಲ್ಲಿಗೆ ಬರುತ್ತಿರಲಿಲ್ಲ. ಮನೆಯಲ್ಲಿ ಇದ್ದದ್ದು ಒಂದೇ ಕಟ್ಟಳೆ. ದೀಪ ಹಚ್ಚೋ ಹೊತ್ತಿಗೆ ಕೈಕಾಲು ತೊಳೆದು ಒಳಗಿರಬೇಕು. ಅಲ್ಲಿಯವರೆಗೆ ನಾವು ಎಲ್ಲಿದ್ದೇವೆ ಅಂತ ಯಾರಿಗೂ ಸರಿಯಾಗಿ ಗೊತ್ತಿರುತ್ತಿರಲಿಲ್ಲ. ಗೊತ್ತಿರಬೇಕು ಅಂತ ಯಾರಿಗೂ ಅನ್ನಿಸುತ್ತಲೂ ಇರಲಿಲ್ಲ.

"ನಮ್ಮ ಕಾಲವೇ ಚೆಂದ" ಅನ್ನುವ ಮಾತನ್ನು ನಾನು ಅಷ್ಟು ಸುಲಭಕ್ಕೆ ನಂಬುವುದಿಲ್ಲ. ನಮ್ಮ ತಾತಂದಿರೂ ಅದನ್ನೇ ಹೇಳುತ್ತಿದ್ದರು. ಆದರೆ ಕಳೆದ ಕೆಲವು ದಶಕಗಳಲ್ಲಿ ಮನಶ್ಶಾಸ್ತ್ರಜ್ಞರು, ಮಿದುಳಿನ ತಜ್ಞರು, ಕಣ್ಣಿನ ಡಾಕ್ಟರುಗಳು ಬೇರೆ ಬೇರೆ ದಾರಿ ಹಿಡಿದು ಬಂದು ಈ ಹಳೇ ಸಂಜೆಗಳ ಹತ್ತಿರವೇ ಸೇರಿದ್ದಾರೆ. ಆಟಕ್ಕೆ ಮರ ಬೇಕು, ಮಣ್ಣು ಬೇಕು, ಜೊತೆಗಾರರು ಬೇಕು. ದೊಡ್ಡವರು ಸ್ವಲ್ಪ ದೂರ ಇರುವುದೂ ಬೇಕು. ಮರ, ಉಯ್ಯಾಲೆ ಇವತ್ತಿಗೂ ಪಾರ್ಕಿನಲ್ಲಿವೆ. ಕಾಣೆಯಾಗಿರುವುದು ಮುಖ್ಯವಾಗಿ ಆ ದೂರ.

ಮೊದಲು ನೆನಪಿನ ವಿಷಯ ನೋಡೋಣ. ಐವತ್ತು ದಾಟಿದವರನ್ನು ಅವರ ಬದುಕಿನ ಬಗ್ಗೆ ಕೇಳಿದರೆ ಸುಮಾರು 10ರಿಂದ 30 ವರ್ಷದ ನಡುವಿನ ನೆನಪುಗಳೇ ಜಾಸ್ತಿ ಬರುತ್ತವೆ. ಇದನ್ನು ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ಮೂರು ವರ್ಷದ ಒಳಗಿನದು ಹೆಚ್ಚಿನವರಿಗೆ ಏನೂ ಉಳಿದಿರುವುದಿಲ್ಲ. ಆದರೆ ಪ್ರಶ್ನೆ ಕೇಳುವ ಬದಲು ಏನಾದರೂ ವಾಸನೆ ತೋರಿಸಿದರೆ ಲೆಕ್ಕ ಬದಲಾಗುತ್ತದೆ. ಆಗ ಬರುವ ನೆನಪುಗಳು ಇನ್ನೂ ಹಿಂದಿನವು, ಹತ್ತು ವರ್ಷಕ್ಕಿಂತ ಮುಂಚಿನವು. ಕಣ್ಣು ಕಿವಿಯ ಸಂಕೇತಗಳು ಮಿದುಳಿನ ನಡುವಿನ ಥಲಾಮಸ್ ಅನ್ನುವ ಭಾಗವನ್ನು ಹಾದು ಹೋಗಬೇಕು. ವಾಸನೆಯ ಸಂಕೇತ ಹೆಚ್ಚೂ ಕಡಿಮೆ ನೇರವಾಗಿ ಭಾವನೆ ಮತ್ತು ನೆನಪಿನ ಭಾಗಗಳಿಗೆ ತಲುಪುತ್ತದೆ. ಅದಕ್ಕೇ ಇರಬೇಕು, ಹೊಂಗೆ ಹೂವು ಉದುರಿ ನೆಲದ ಮೇಲೆ ಅವಲಕ್ಕಿ ಚೆಲ್ಲಿದ ಹಾಗೆ ಬಿದ್ದಿರುವ ಮಾರ್ಚ್-ಏಪ್ರಿಲ್ ತಿಂಗಳಲ್ಲಿ ಆ ವಾಸನೆಗೆ ನನ್ನ ಮಂಡಿ ಉರಿಯುತ್ತದೆ. ತರಚಿಕೊಂಡ ಮಂಡಿ ವಾಸಿಯಾಗಿ ಎಷ್ಟೋ ಕಾಲವಾಗಿದೆ.

ಮೊದಲ ಮಳೆ ಬಿದ್ದ ಮಣ್ಣಿನ ವಾಸನೆಯದೂ ಇದೇ ಕಥೆ. ಬಿಸಿಲಿಗೆ ಒಣಗಿದ ನೆಲದ ಮೇಲೆ ಮಳೆ ಬಿದ್ದಾಗ ಬರುವ ಈ ವಾಸನೆಯ ಬಗ್ಗೆ 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ನೇಚರ್ ಪತ್ರಿಕೆಯಲ್ಲಿ ಬರೆದರು. ಅದರಲ್ಲಿರುವ ಮುಖ್ಯವಾದ ಒಂದು ವಸ್ತು ಜಿಯೋಸ್ಮಿನ್. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಜಾತಿಯ ಬ್ಯಾಕ್ಟೀರಿಯಾಗಳು ಇದನ್ನು ತಯಾರಿಸುತ್ತವೆ. ಲಕ್ಷ ಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ಮನುಷ್ಯರ ಮೂಗಿಗೆ ಇದು ಗೊತ್ತಾಗುತ್ತದೆ. ಏಳು ವರ್ಷದಲ್ಲಿ ಮಣ್ಣಿಗೆ ಮೂಗು ಹತ್ತಿರವಿಟ್ಟು ಗೋಲಿ ಆಡಿದವರಿಗೆ ಈ ವಾಸನೆ ಬರೀ ವಾಸನೆಯಾಗಿ ಉಳಿಯುವುದು ಕಷ್ಟ.

ಇಲ್ಲೊಂದು ಎಚ್ಚರಿಕೆಯೂ ಬೇಕು. ನೆನಪು ಒಳ್ಳೆಯದನ್ನೇ ಆರಿಸಿಟ್ಟುಕೊಳ್ಳುತ್ತದೆ. ಬಾವಿಗೆ ಬಿದ್ದವರು, ಲಾರಿಗೆ ಸಿಕ್ಕವರು ಈಗ ಕೂತು ಬಾಲ್ಯದ ಬಗ್ಗೆ ಲೇಖನ ಬರೆಯುತ್ತಿಲ್ಲ. ಹಾಗಾಗಿ ನೆನಪನ್ನು ಸಾಕ್ಷಿ ಮಾಡಿಕೊಂಡು ವಾದ ಮಾಡುವ ಹಾಗಿಲ್ಲ. ಆಟವನ್ನೇ ಹತ್ತಿರದಿಂದ ನೋಡಬೇಕು.

ಮರಕೋತಿ ಆಟ ಗೊತ್ತಲ್ವಾ? ಮರದ ಕೆಳಗೆ ನೆಲದಲ್ಲೊಂದು ವೃತ್ತ. ಒಬ್ಬ ಕಾಲೆತ್ತಿ ಅದರ ಕೆಳಗಿಂದ ಕೋಲನ್ನು ಆದಷ್ಟು ದೂರ ಎಸೆಯುತ್ತಾನೆ. ಕಳ್ಳನಾದವನು ಓಡಿಹೋಗಿ ಅದನ್ನು ತಂದು ವೃತ್ತದೊಳಗೆ ಇಡಬೇಕು. ಅಷ್ಟರಲ್ಲಿ ಉಳಿದವರೆಲ್ಲ ಮರದ ಮೇಲೆ. ಈಗ ಅವನು ಮೇಲೆ ಹತ್ತಿ ಯಾರನ್ನಾದರೂ ಮುಟ್ಟಬೇಕು. ಅವನ ಕೈಗೆ ಸಿಗದೆ ಯಾರಾದರೂ ಕೆಳಗೆ ಜಿಗಿದು ಕೋಲು ಎತ್ತಿಕೊಂಡರೆ ಮತ್ತೆ ಅವನೇ ಕಳ್ಳ.

ಈ ಆಟದ ಮರ್ಮ ಇರುವುದು ಕೊಂಬೆಯ ತುದಿಯಲ್ಲಿ. ಕಳ್ಳ ನಿಮಗಿಂತ ದಪ್ಪ ಇದ್ದರೆ ನೀವು ತುದಿಗೆ ಸರಿಯುತ್ತೀರಿ. ಅವನು ಹಿಂದೆ ಬರಲಾರ. ಆದರೆ ಎಷ್ಟು ಸರಿಯಬಹುದು? ಕೊಂಬೆಯ ದಪ್ಪ ಅರ್ಧವಾದರೆ ಅದು ತಾಳುವ ಭಾರ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಜೊತೆಗೆ, ಬುಡದಿಂದ ದೂರ ಹೋದಷ್ಟೂ ಅದೇ ತೂಕ ಕೊಂಬೆಯ ಬುಡವನ್ನು ಹೆಚ್ಚು ಜೋರಾಗಿ ಬಗ್ಗಿಸುತ್ತದೆ. ಎರಡೂ ಲೆಕ್ಕ ಸೇರಿದರೆ ಎರಡು ಗೇಣು ಮುಂದೆ ಹೋಗುವುದು ಸಣ್ಣ ವಿಷಯವಲ್ಲ. ಎಂಟು ವರ್ಷದ ಹುಡುಗನಿಗೆ ಘನಮೂಲ, ವರ್ಗಮೂಲ ಯಾವುದೂ ಗೊತ್ತಿಲ್ಲ. ಕಾಲಿನ ಕೆಳಗೆ ಕೊಂಬೆ ಎಷ್ಟು ಬಗ್ಗಿತು, ಕಿರ್ ಅಂದಿತೋ ಇಲ್ಲವೋ, ಅಷ್ಟರಿಂದಲೇ ಅವನು ಲೆಕ್ಕ ಹಾಕುತ್ತಾನೆ. ಮರಮರಕ್ಕೂ ಈ ಲೆಕ್ಕ ಬೇರೆ. ಸೀಬೆ ಕೊಂಬೆ ಸಣ್ಣದಾದರೂ ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ನುಗ್ಗೆ ನೋಡಲು ದಪ್ಪ, ಆದರೆ ಹೇಳದೆ ಕೇಳದೆ ಲಟಕ್ ಅಂತ ಮುರಿಯುತ್ತದೆ. ಹೊಗಳಿ ಹೊಗಳಿ ಒಬ್ಬರನ್ನು ಕೆಡಿಸುವುದಕ್ಕೆ ನುಗ್ಗೆ ಮರ ಹತ್ತಿಸುವುದು ಅಂತ ನಮ್ಮವರು ಸುಮ್ನೆ ಹೇಳಿಲ್ಲ.

ಇದನ್ನು ಪಕ್ಕದಲ್ಲಿ ನಿಂತು ಹೇಳಿಕೊಡಲು ಆಗುವುದಿಲ್ಲ. ಕೆಳಗೆ ಅಮ್ಮ ನಿಂತಿದ್ದರೆ ಆ ಹುಡುಗ ಕೊಂಬೆಯ ಸದ್ದು ಕೇಳುವುದಿಲ್ಲ, ಅಮ್ಮನ ಸದ್ದು ಕೇಳುತ್ತಾನೆ. "ಹುಷಾರು, ಬೀಳ್ತೀಯಾ" ಅನ್ನುವುದು ಅವನಿಗೆ ಕೊಂಬೆಯ ಬಗ್ಗೆ ಏನೂ ತಿಳಿಸುವುದಿಲ್ಲ. ಅಮ್ಮನಿಗೆ ಭಯವಾಗಿದೆ ಅನ್ನುವುದನ್ನಷ್ಟೇ ತಿಳಿಸುತ್ತದೆ.

ನಾರ್ವೆಯ ಎಲೆನ್ ಸ್ಯಾಂಡ್‌ಸೆಟರ್ ಅನ್ನುವ ಸಂಶೋಧಕಿ ಶಿಶುವಿಹಾರದ ಮಕ್ಕಳು ಆಡುವುದನ್ನು ನೋಡಿ, ಅವರೊಂದಿಗೆ ಮಾತಾಡಿ, 2007ರಲ್ಲಿ ಅಪಾಯದ ಆಟಗಳನ್ನು ಆರು ಗುಂಪು ಮಾಡಿದರು. ಎತ್ತರ, ವೇಗ, ಹರಿತವಾದ ಸಾಮಾನು, ಬೆಂಕಿ ಮತ್ತು ನೀರು, ಗುದ್ದಾಟ, ಮತ್ತು ದೊಡ್ಡವರ ಕಣ್ಣು ತಪ್ಪಿಸಿ ಕಳೆದುಹೋಗುವುದು. ಕೊನೆಯದನ್ನು ಗಮನಿಸಿ. ಕಣ್ಣಾಮುಚ್ಚಾಲೆಯ ಅರ್ಧ ಖುಷಿ ಅದೇ. ಅವರ ಪ್ರಕಾರ ಮಕ್ಕಳು ಈ ಆಟಗಳಲ್ಲಿ ಭಯವನ್ನು ತಾವೇ ಸ್ವಲ್ಪ ಸ್ವಲ್ಪವಾಗಿ ಅಳೆದು ಬಡಿಸಿಕೊಳ್ಳುತ್ತಾರೆ. ಇವತ್ತು ಎರಡನೇ ಕೊಂಬೆ, ನಾಳೆ ಮೂರನೆಯದು. ಫೋಬಿಯಾ, ಅಂದರೆ ಯಾವುದಾದರೂ ಒಂದರ ಬಗ್ಗೆ ವಿಪರೀತ ಭಯ ಇರುವವರಿಗೆ ಮನೋವೈದ್ಯರು ಮಾಡಿಸುವುದೂ ಹೆಚ್ಚೂ ಕಡಿಮೆ ಇದನ್ನೇ. ಭಯಪಡುವ ವಸ್ತುವಿನ ಹತ್ತಿರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕರೆದುಕೊಂಡು ಹೋಗುತ್ತಾರೆ.

ಇದಕ್ಕೊಂದು ಅಚ್ಚರಿಯ ಪುರಾವೆ ನ್ಯೂಜಿಲೆಂಡಿನಿಂದ ಬಂದಿದೆ. ಡುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ ಸುಮಾರು ಒಂದು ಸಾವಿರ ಮಕ್ಕಳನ್ನು ಸಂಶೋಧಕರು ಇವತ್ತಿಗೂ ಹಿಂಬಾಲಿಸುತ್ತಿದ್ದಾರೆ. ಚಿಕ್ಕಂದಿನಲ್ಲಿ ಬಿದ್ದು ಪೆಟ್ಟು ಮಾಡಿಕೊಂಡವರಿಗೆ ದೊಡ್ಡವರಾದ ಮೇಲೆ ಎತ್ತರದ ಭಯ ಜಾಸ್ತಿ ಇರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. 1998ರಲ್ಲಿ ಪ್ರಕಟವಾದ ಫಲಿತಾಂಶ ತದ್ವಿರುದ್ಧವಾಗಿತ್ತು. 5ರಿಂದ 9 ವರ್ಷದ ನಡುವೆ ಬಿದ್ದು ಗಾಯ ಮಾಡಿಕೊಂಡವರಲ್ಲಿ 18ನೇ ವಯಸ್ಸಿಗೆ ಎತ್ತರದ ಭಯ ಕಡಿಮೆ ಇತ್ತು. ಮೊದಲಿಂದ ಧೈರ್ಯ ಇದ್ದವರೇ ಜಾಸ್ತಿ ಹತ್ತಿ ಜಾಸ್ತಿ ಬಿದ್ದಿರಬಹುದು, ಅದು ಬೇರೆ ಮಾತು. ಆದರೆ ಬಿದ್ದ ಮೇಲೂ ಭಯ ಅಂಟಿಕೊಳ್ಳಲಿಲ್ಲ ಅನ್ನುವುದು ಮಾತ್ರ ನಿಜ.

ಬೀಳುವ ಲೆಕ್ಕದಲ್ಲಿ ಮಕ್ಕಳ ಕಡೆಗೆ ಭೌತಶಾಸ್ತ್ರವೂ ಸ್ವಲ್ಪ ವಾಲುತ್ತದೆ. 20 ಕಿಲೋ ತೂಕದ ಮಗು ನಿಂತಲ್ಲೇ ಮುಗ್ಗರಿಸಿ ಬಿದ್ದರೆ ನೆಲಕ್ಕೆ ತಲುಪುವ ಶಕ್ತಿ ಸುಮಾರು 120 ಜೂಲ್. 70 ಕಿಲೋ ತೂಕದ ದೊಡ್ಡವರು ಹಾಗೇ ಬಿದ್ದರೆ 650 ಜೂಲ್. ಐದು ಪಟ್ಟಿಗೂ ಜಾಸ್ತಿ. ಮಕ್ಕಳ ಮೂಳೆಯೂ ಎಳಸು. ಎಷ್ಟೋ ಸಲ ಹಸಿ ಕಡ್ಡಿಯ ಹಾಗೆ ಒಂದು ಬದಿ ಸೀಳಿ ಬಾಗುತ್ತದೆ, ಪೂರ್ತಿ ಮುರಿಯುವುದಿಲ್ಲ. ಆದರೆ ತಲೆಗೆ ಬೀಳುವ ಪೆಟ್ಟಿಗೆ ಈ ರಿಯಾಯಿತಿ ಇಲ್ಲ. ಅಲ್ಲಿ ಎಲ್ಲವೂ ನಿಂತಿರುವುದು ಕೆಳಗಿನ ನೆಲದ ಮೇಲೆ.

ಈ ನೆಲದ ವಿಷಯಕ್ಕೆ ನನಗೆ ನಿಜಕ್ಕೂ ಸಿಟ್ಟಿದೆ. ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ದೇಹ ಮರಳಿನಲ್ಲಿ 10 ಸೆಂಟಿಮೀಟರ್ ಹೂತು ನಿಂತಿತು ಅಂದುಕೊಳ್ಳಿ. ಆಗ ಅದರ ಮೇಲೆ ಬೀಳುವ ಸರಾಸರಿ ಬಲ ಅದರ ತೂಕದ ಸುಮಾರು 15 ಪಟ್ಟು. ಗಟ್ಟಿ ನೆಲದ ಮೇಲೆ 1 ಸೆಂಟಿಮೀಟರಿನಲ್ಲೇ ನಿಂತರೆ ಅದು 150 ಪಟ್ಟು. ಅದೇ ಮಗು, ಅದೇ ಎತ್ತರ, ಹತ್ತು ಪಟ್ಟು ಪೆಟ್ಟು. ನಮ್ಮ ಜಾರುಬಂಡೆಯ ಕೆಳಗೆ ಮರಳಿತ್ತು. ಯಾರೂ ವಿಜ್ಞಾನ ಓದಿ ಹಾಕಿರಲಿಲ್ಲ, ಮರಳು ಅಗ್ಗವಾಗಿ ಸಿಗುತ್ತಿತ್ತು ಅಷ್ಟೇ. ಈಗ ಎಷ್ಟೋ ಪಾರ್ಕುಗಳಲ್ಲಿ ಮರಳು ತೆಗೆದು ಸಿಮೆಂಟಿನ ಇಂಟರ್‌ಲಾಕ್ ಟೈಲ್ಸ್ ಹಾಸಿದ್ದಾರೆ. ನೋಡಲು ಕ್ಲೀನಾಗಿದೆ. ವಾಕಿಂಗ್ ಮಾಡುವವರ ಶೂಗೆ ಮಣ್ಣಾಗುವುದಿಲ್ಲ. ನಾನೂ ಈಗ ಆ ವಾಕಿಂಗ್ ಗುಂಪಿನವನೇ, ಆದರೂ ಹೇಳುತ್ತೇನೆ. ಒಂದು ಕೈಯಿಂದ "ಮರ ಹತ್ತಬೇಡಿ" ಅಂತ ಬೋರ್ಡು ಹಾಕಿ, ಇನ್ನೊಂದು ಕೈಯಿಂದ ಉಯ್ಯಾಲೆಯ ಕೆಳಗೆ ಸಿಮೆಂಟು ಹಾಕುವುದು ಯಾವ ಸೀಮೆಯ ಸುರಕ್ಷತೆ?

ಕೆನಡಾದ ಮಕ್ಕಳ ವೈದ್ಯರ ಸಂಘ 2024ರ ಜನವರಿಯಲ್ಲಿ ಎರಡು ಬಗೆಯ ಅಪಾಯಗಳ ವ್ಯತ್ಯಾಸವನ್ನು ಎತ್ತಿ ಹೇಳಿತು. ಹೊರಗಿನ ಅಪಾಯದ ಆಟ ಮಕ್ಕಳ ಬೆಳವಣಿಗೆಗೆ ಬೇಕು, ಅದಕ್ಕೆ ಅವಕಾಶ ಕೊಡಿ ಅಂತ ಅವರ ಸಲಹೆ. ಗಾಯಗಳಿಗೆ ಪಟ್ಟಿ ಕಟ್ಟುವ ವೈದ್ಯರೇ ಹೀಗೆ ಹೇಳಿದ್ದು ಸಣ್ಣ ಮಾತಲ್ಲ. ಮಗುವಿಗೆ ಕಾಣುವ, ಅದು ತೂಗಿ ನೋಡಬಲ್ಲ ಅಪಾಯ ಒಂದು. ಮಗುವಿಗೆ ಕಾಣದ, ತೂಗಿ ನೋಡಲಾಗದ ಅಪಾಯ ಇನ್ನೊಂದು. ಎತ್ತರದ ಕೊಂಬೆ ಮೊದಲ ಜಾತಿ. ದೀಪದ ಕಂಬದಿಂದ ಹೊರಗೆ ಇಣುಕುವ ವೈರು, ಮುಚ್ಚಳ ಸರಿಯಾಗಿಲ್ಲದ ಸಂಪು, ತುಕ್ಕು ಹಿಡಿದ ಕೀಲು ಎರಡನೇ ಜಾತಿ. 2024ರ ಸೆಪ್ಟೆಂಬರಿನಲ್ಲಿ ಮಲ್ಲೇಶ್ವರದ ಆಟದ ಮೈದಾನವೊಂದರಲ್ಲಿ ಕಬ್ಬಿಣದ ಗೇಟು ಮೈಮೇಲೆ ಬಿದ್ದು ಬಾಲಕನೊಬ್ಬ ತೀರಿಕೊಂಡ. ಅವನು ಯಾವ ಸಾಹಸವನ್ನೂ ಮಾಡುತ್ತಿರಲಿಲ್ಲ. ದೊಡ್ಡವರ ಕೆಲಸ ಇರುವುದು ಈ ಎರಡನೇ ಜಾತಿಯಲ್ಲಿ. ಆ ಕೆಲಸ ಮಕ್ಕಳು ಬರುವ ಮುಂಚೆಯೇ ಮುಗಿದಿರಬೇಕು.

ಇನ್ನು ಜಗಳದ ವಿಷಯ. ನಮ್ಮ ಆಟದಲ್ಲಿ ಆಡಿದ ಹೊತ್ತಿಗಿಂತ ಜಗಳವಾಡಿದ ಹೊತ್ತೇ ಜಾಸ್ತಿ ಇತ್ತೇನೋ. ಲಗೋರಿಯ ಕಲ್ಲು ಬಿತ್ತೋ ಇಲ್ಲವೋ, ಚಿನ್ನಿ ಗೆರೆ ದಾಟಿತೋ ಇಲ್ಲವೋ. ಯಾರು ಕಳ್ಳ ಅಂತ ಅವಲಕ್ಕಿ ಪವಲಕ್ಕಿ ಎಣಿಸಿ ಆರಿಸಿದರೂ, ಎಣಿಕೆ ಎಲ್ಲಿಂದ ಶುರು ಅನ್ನುವುದಕ್ಕೇ ತಕರಾರು. ಅಂಪೈರ್ ಇರಲಿಲ್ಲ. ಯಾರಿಗೆ ಸಿಟ್ಟು ಬಂದರೂ ಆಟ ಬಿಟ್ಟು ಮನೆಗೆ ಹೋಗುವ ಸ್ವಾತಂತ್ರ್ಯ ಇತ್ತು. ಅದರಲ್ಲೂ ಬಾಲು ಅವನದೇ ಆಗಿದ್ದರೆ ಆಟ ಅಲ್ಲಿಗೆ ಮುಗಿಯಿತು. ಹಾಗಾಗಿ ಎಲ್ಲರೂ ಸ್ವಲ್ಪ ಸ್ವಲ್ಪ ಸೋಲಬೇಕಾಗುತ್ತಿತ್ತು.

ಜೊತೆಗೆ ಯಾರದ್ದಾದರೂ ಪುಟ್ಟ ತಂಗಿ ಇದ್ದೇ ಇರುತ್ತಿದ್ದಳು. ಅವಳನ್ನು ಬಿಟ್ಟು ಬಂದರೆ ಮನೆಯಲ್ಲಿ ಬೈಗುಳ. ಸೇರಿಸಿಕೊಂಡರೆ ಆಟ ಕೆಡುತ್ತದೆ. ಅದಕ್ಕೆ ನಮ್ಮಲ್ಲಿದ್ದ ಪರಿಹಾರ "ಆಟಕ್ಕುಂಟು ಲೆಕ್ಕಕ್ಕಿಲ್ಲ". ಅವಳು ಓಡುತ್ತಾಳೆ, ಕೂಗುತ್ತಾಳೆ, ಅವಿತುಕೊಳ್ಳುತ್ತಾಳೆ. ಆದರೆ ಔಟಾಗುವುದಿಲ್ಲ. ಈ ಏರ್ಪಾಡನ್ನು ಯಾವ ಪಿ.ಟಿ. ಮೇಷ್ಟ್ರೂ ಕಲಿಸಿದ್ದಲ್ಲ.

ಗೋಲಿ ಆಟದಲ್ಲಿ ಮಕ್ಕಳು ನಿಯಮಗಳನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಅಂತ ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಕೂಲಂಕಷವಾಗಿ ನೋಡಿ 1932ರಲ್ಲಿ ಬರೆದಿದ್ದಾರೆ. ಚಿಕ್ಕ ಮಕ್ಕಳಿಗೆ ನಿಯಮ ಅಂದರೆ ದೊಡ್ಡವರೋ ದೇವರೋ ಕೊಟ್ಟದ್ದು, ಮುಟ್ಟುವ ಹಾಗಿಲ್ಲ. ಹತ್ತು ವರ್ಷದ ಆಸುಪಾಸಿಗೆ ಬಂದವರಿಗೆ ಹಾಗಲ್ಲ. ನಿಯಮ ನಾವೇ ಒಪ್ಪಿ ಮಾಡಿಕೊಂಡದ್ದು, ಎಲ್ಲರೂ ಒಪ್ಪಿದರೆ ಬದಲಾಯಿಸಬಹುದು. ಈ ಬದಲಾವಣೆಗೆ ಸರಿಸಮಾನರ ಜೊತೆಗಿನ ಒಡನಾಟ ಮುಖ್ಯ ಅಂತ ಪಿಯಾಜೆ ವಾದಿಸಿದರು. ಕೋಚಿಂಗ್ ಕ್ಯಾಂಪಿನಲ್ಲಿ ಸೀಟಿ ಊದುವವರು ಇರುತ್ತಾರೆ. ಅಲ್ಲಿ ಮಕ್ಕಳು ಕ್ರಿಕೆಟ್ ಚೆನ್ನಾಗಿ ಕಲಿಯಬಹುದು. ನಿಯಮ ಹೇಗೆ ಹುಟ್ಟುತ್ತದೆ ಅನ್ನುವುದು ಅಲ್ಲಿ ಸಿಗುವ ಪಾಠವಲ್ಲ.

ಇಲಿಗಳಲ್ಲೂ ಹೀಗೇ ಇದೆ ಅಂದರೆ ನಂಬುತ್ತೀರಾ? ಇಲಿ ಮರಿಗಳು ವಿಪರೀತ ಆಟಗುಳಿಗಳು. ಒಂದರ ಕುತ್ತಿಗೆಗೆ ಇನ್ನೊಂದು ಮೂತಿ ಹಾಕಿ, ಕೆಡವಿ, ಮೇಲೆ ಹತ್ತಿ ಕುಸ್ತಿ ಆಡುತ್ತವೆ. ಬಲಶಾಲಿ ಮರಿ ಆಗಾಗ ತಾನೇ ಕೆಳಗೆ ಬೀಳುತ್ತದೆ. ಒಂದೇ ಸಮ ಗೆಲ್ಲುತ್ತಾ ಹೋದರೆ ಎದುರಿನದು ಆಟಕ್ಕೆ ಬರುವುದನ್ನೇ ನಿಲ್ಲಿಸುತ್ತದೆ. ಕೆನಡಾದ ಲೆತ್‌ಬ್ರಿಜ್ ವಿಶ್ವವಿದ್ಯಾಲಯದಲ್ಲಿ ಸರ್ಜಿಯೋ ಪೆಲ್ಲಿಸ್ ಮತ್ತು ಅವರ ತಂಡ ಒಂದು ಪ್ರಯೋಗ ಮಾಡಿತು. ಕೆಲವು ಮರಿಗಳನ್ನು ಓರಗೆಯ ಮರಿಗಳ ಜೊತೆ ಬೆಳೆಸಿದರು, ಕೆಲವನ್ನು ಬೆಳೆದ ಇಲಿಯ ಜೊತೆ. ಬೆಳೆದ ಇಲಿ ಬೆಚ್ಚಗಿಡುತ್ತದೆ, ನೆಕ್ಕುತ್ತದೆ, ಆದರೆ ಆಡುವುದಿಲ್ಲ. ಮುಂದೆ ನೋಡಿದರೆ ಎರಡೂ ಗುಂಪುಗಳ ಮಿದುಳಿನ ಮುಂಭಾಗದ ನರಕೋಶಗಳ ಕವಲುಗಳಲ್ಲೇ ವ್ಯತ್ಯಾಸ ಕಂಡಿತು. ಆಡಿ ಬೆಳೆದವುಗಳಲ್ಲಿ ಬೇಡದ ಕವಲುಗಳು ಕತ್ತರಿಸಿ ಹೋಗಿದ್ದವು. ಪರಿಸ್ಥಿತಿ ನೋಡಿ ವರ್ತನೆ ಬದಲಾಯಿಸಿಕೊಳ್ಳಲು ಬೇಕಾಗುವ ಭಾಗ ಅದು.

ಅಮೆರಿಕದ ವಿಜ್ಞಾನಿ ಯಾಕ್ ಪ್ಯಾಂಕ್ಸೆಪ್ ಇನ್ನೂ ಒಂದು ಕೆಲಸ ಮಾಡಿದರು. ಕುಣಿದಾಡುತ್ತಿದ್ದ ಇಲಿ ಮರಿಗಳ ಗೂಡಿನಲ್ಲಿ ಒಂದಿಷ್ಟು ಬೆಕ್ಕಿನ ಕೂದಲು ಇಟ್ಟರು. ಆ ಮರಿಗಳು ಹುಟ್ಟಿದಂದಿನಿಂದ ಬೆಕ್ಕನ್ನೇ ಕಂಡಿರಲಿಲ್ಲ. ಆದರೂ ಆಟ ನಿಂತೇ ಹೋಯಿತು. ಕೂದಲು ತೆಗೆದ ಮೇಲೂ ಕೆಲವು ದಿನ ಸರಿಹೋಗಲಿಲ್ಲ. ಅಪ್ಪ ಅಮ್ಮಂದಿರನ್ನು ಬೆಕ್ಕಿನ ಕೂದಲು ಅಂತ ನಾನು ಕರೆಯುವುದಿಲ್ಲ. ಆದರೆ ಬೆಂಚಿನ ಮೇಲೆ ಕೂತ ದೊಡ್ಡವರ ಸಾಲು ಕಂಡಾಗ ಮಕ್ಕಳ ಆಟದ ಸದ್ದು ಹೇಗೆ ಇಳಿಯುತ್ತದೆ ಅನ್ನುವುದನ್ನು ಒಂದು ಸಂಜೆ ಕೂತು ಕೇಳಿ ನೋಡಿ.

ಪಾರ್ಕಿಗೆ ಹೋಗುವ ದಾರಿಯೂ ಆಟದ ಭಾಗವೇ ಆಗಿತ್ತು. ನೇರ ದಾರಿಯಲ್ಲಿ ಹೋದವರು ಕಡಿಮೆ. ಯಾರದೋ ಕಾಂಪೌಂಡಿನ ಸಂದಿ, ಕಟ್ಟುತ್ತಿದ್ದ ಮನೆಯ ಮುಂದಿನ ಮರಳ ರಾಶಿ, ಹಾಕಲು ತಂದು ರಸ್ತೆ ಬದಿ ಇಟ್ಟಿದ್ದ ದೊಡ್ಡ ಸಿಮೆಂಟ್ ಪೈಪುಗಳ ಒಳಗೆ, ನಾಯಿ ಇರುವ ಮನೆಯನ್ನು ಬಳಸಿ. ಹೀಗೆ ನಡೆಯುವಾಗ ತಲೆಯೊಳಗೊಂದು ನಕ್ಷೆ ತಯಾರಾಗುತ್ತದೆ. ಇದು ಬರೀ ಮಾತಿನ ಚಮತ್ಕಾರವಲ್ಲ. 1971ರಲ್ಲಿ ವಿಜ್ಞಾನಿ ಜಾನ್ ಓಕೀಫ್ ಇಲಿಗಳ ಮಿದುಳಿನ ಹಿಪೊಕ್ಯಾಂಪಸ್ ಅನ್ನುವ ಭಾಗದಲ್ಲಿ ವಿಶೇಷ ಕೋಶಗಳನ್ನು ಕಂಡರು. ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಒಂದು ಕೋಶ ಮಿಡಿಯುತ್ತದೆ, ಇನ್ನೊಂದು ಜಾಗಕ್ಕೆ ಇನ್ನೊಂದು. 2005ರಲ್ಲಿ ನಾರ್ವೆಯ ಮೋಸರ್ ದಂಪತಿಯ ತಂಡ ಪಕ್ಕದ ಭಾಗದಲ್ಲಿ, ನೆಲದ ಮೇಲೆ ರಂಗೋಲಿ ಚುಕ್ಕಿ ಇಟ್ಟಂತೆ ಸಮ ಅಂತರದಲ್ಲಿ ಮಿಡಿಯುವ ಕೋಶಗಳನ್ನು ಕಂಡುಹಿಡಿಯಿತು. ಮೂವರಿಗೂ 2014ರಲ್ಲಿ ನೊಬೆಲ್ ಬಂತು.

ಚಿಕ್ಕಂದಿನಲ್ಲಿ ಅಲೆದ ಜಾಗ ದೊಡ್ಡವರಾದ ಮೇಲೂ ಲೆಕ್ಕಕ್ಕೆ ಬರುತ್ತದೆಯೇ? 2016ರಲ್ಲಿ ಬಂದ ಒಂದು ಮೊಬೈಲ್ ಆಟದಲ್ಲಿ ದೋಣಿ ಓಡಿಸುತ್ತಾ ದಾರಿ ಹುಡುಕಬೇಕಿತ್ತು. ಅದನ್ನು ಆಡಿದ 38 ದೇಶಗಳ ಸುಮಾರು 4 ಲಕ್ಷ ಜನರ ಲೆಕ್ಕ 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಒಟ್ಟಾರೆ ನೋಡಿದರೆ ನಗರದ ಹೊರಗೆ ಬೆಳೆದವರು ದಾರಿ ಹುಡುಕುವುದರಲ್ಲಿ ಮುಂದಿದ್ದರು. ಬೀದಿಗಳು ಚೌಕ ಚೌಕವಾಗಿರುವ ಊರುಗಳಲ್ಲಿ ಬೆಳೆದವರು ಹಿಂದೆ ಬಿದ್ದಿದ್ದರು. ಮೇನು-ಕ್ರಾಸುಗಳ ಜಯನಗರದವರು ಬೇಜಾರು ಮಾಡಿಕೊಳ್ಳುವುದು ಬೇಡ. ಚಿಕ್ಕಪೇಟೆಯ ಗಲ್ಲಿಗಳಲ್ಲಿ ಬೆಳೆದವರು ಬೇಕಾದರೆ ಸ್ವಲ್ಪ ಜಂಬ ಪಡಬಹುದು.

ಇದೇ ಆಟದಿಂದ 2018ರಲ್ಲಿ ಬಂದ ಇನ್ನೊಂದು ಫಲಿತಾಂಶ ನನ್ನನ್ನು ಹೆಚ್ಚು ಕಾಡಿತು. ದಾರಿ ಹುಡುಕುವುದರಲ್ಲಿ ಗಂಡಸರಿಗೂ ಹೆಂಗಸರಿಗೂ ಇರುವ ಅಂತರ ಎಲ್ಲ ದೇಶಗಳಲ್ಲೂ ಒಂದೇ ಸಮ ಇರಲಿಲ್ಲ. ಹೆಣ್ಣು-ಗಂಡಿನ ನಡುವೆ ಅಸಮಾನತೆ ಜಾಸ್ತಿ ಇರುವ ದೇಶಗಳಲ್ಲಿ ಈ ಅಂತರವೂ ಜಾಸ್ತಿ ಇತ್ತು. ದೀಪ ಹಚ್ಚೋ ಹೊತ್ತು ಅಂದೆನಲ್ಲ, ಅದು ಎಲ್ಲರಿಗೂ ಒಂದೇ ಹೊತ್ತಾಗಿರಲಿಲ್ಲ. ಹುಡುಗಿಯರಿಗೆ ಅದು ಬಲು ಬೇಗ ಬರುತ್ತಿತ್ತು. ಹತ್ತು-ಹನ್ನೊಂದು ವರ್ಷ ದಾಟಿದ ಮೇಲೆ ಎಷ್ಟೋ ಹುಡುಗಿಯರು ಪಾರ್ಕಿಗೆ ಬರುವುದೇ ನಿಂತುಹೋಗುತ್ತಿತ್ತು. ಕುಂಟೆಬಿಲ್ಲೆ ಅಂಗಳಕ್ಕೆ, ಚೌಕಾಬಾರ ಜಗುಲಿಗೆ ಹೋಯಿತು. ನಾವು ಹುಡುಗರು ಅದನ್ನು ಗಮನಿಸಲೂ ಇಲ್ಲ. "ಆಗ ಮಕ್ಕಳೆಲ್ಲ ಹೊರಗೆ ಆಡುತ್ತಿದ್ದರು" ಅನ್ನುವ ಮಾತಿನಲ್ಲಿ "ಎಲ್ಲ" ಅನ್ನುವುದು ನಿಜವಲ್ಲ.

ಇಷ್ಟರಲ್ಲೂ ಅತ್ಯಂತ ಗಟ್ಟಿ ಪುರಾವೆ ಇರುವುದು ಕಣ್ಣಿನ ವಿಷಯದಲ್ಲಿ. ಸಿಡ್ನಿ ಮತ್ತು ಸಿಂಗಾಪುರದ 6-7 ವರ್ಷದ ಚೀನೀ ಮೂಲದ ಮಕ್ಕಳನ್ನು ಹೋಲಿಸಿದ ಅಧ್ಯಯನವೊಂದು 2008ರಲ್ಲಿ ಬಂತು. ದೂರದ್ದು ಸರಿಯಾಗಿ ಕಾಣದ ಸಮೀಪದೃಷ್ಟಿ ಸಿಂಗಾಪುರದಲ್ಲಿ ನೂರಕ್ಕೆ 29 ಮಕ್ಕಳಿಗಿತ್ತು, ಸಿಡ್ನಿಯಲ್ಲಿ ಮೂರು ಚಿಲ್ಲರೆ ಮಕ್ಕಳಿಗೆ ಮಾತ್ರ. ಓದುವುದರಲ್ಲಿ ಸಿಡ್ನಿಯ ಮಕ್ಕಳು ಹಿಂದೆ ಬಿದ್ದಿರಲಿಲ್ಲ. ದೊಡ್ಡ ವ್ಯತ್ಯಾಸ ಇದ್ದದ್ದು ಹೊರಗೆ ಕಳೆಯುವ ಹೊತ್ತಿನಲ್ಲಿ. ಸಿಡ್ನಿಯಲ್ಲಿ ವಾರಕ್ಕೆ ಸುಮಾರು 14 ಗಂಟೆ, ಸಿಂಗಾಪುರದಲ್ಲಿ 3 ಗಂಟೆ. ಆಮೇಲೆ ಚೀನಾದ ಗುವಾಂಗ್‌ಝೌ ಊರಿನ ಕೆಲವು ಶಾಲೆಗಳಲ್ಲಿ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟು ಮೂರು ವರ್ಷ ನೋಡಿದರು. ಹೊಸದಾಗಿ ಸಮೀಪದೃಷ್ಟಿ ಬಂದವರು ಆ ಶಾಲೆಗಳಲ್ಲಿ ನೂರಕ್ಕೆ 30, ಉಳಿದ ಕಡೆ ನೂರಕ್ಕೆ 39ರಿಂದ 40. ಬೆಳಕನ್ನು ಅಳೆಯುವುದು ಲಕ್ಸ್ ಲೆಕ್ಕದಲ್ಲಿ. ಬಿಸಿಲಿನ ಬೆಳಕು ಒಂದು ಲಕ್ಷ ಲಕ್ಸ್ ತನಕ ಇರುತ್ತದೆ, ಕ್ಲಾಸ್ ರೂಮಿನದು ಸಾಮಾನ್ಯವಾಗಿ 500ರ ಒಳಗೆ. ಪ್ರಖರ ಬೆಳಕಿಗೆ ಕಣ್ಣಿನ ಒಳಪರದೆಯಾದ ರೆಟಿನಾದಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಬಿಡುಗಡೆಯಾಗಿ, ಕಣ್ಣುಗುಡ್ಡೆ ಬೇಡದಷ್ಟು ಉದ್ದ ಬೆಳೆಯುವುದನ್ನು ಅದು ತಡೆಯುತ್ತದೆ ಅನ್ನುವುದು ಈಗಿನ ತಿಳಿವಳಿಕೆ. ಮಣ್ಣಿನದೂ ಒಂದು ಮಾತು. ಫಿನ್ಲೆಂಡಿನ ಶಿಶುವಿಹಾರಗಳ ಅಂಗಳಕ್ಕೆ ಕಾಡಿನ ಮಣ್ಣು, ಹುಲ್ಲು ತಂದು ಹಾಸಿದಾಗ 28 ದಿನಗಳಲ್ಲೇ ಮಕ್ಕಳ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆ ಸಮತೋಲನದತ್ತ ವಾಲಿದ ಗುರುತೂ ಸಿಕ್ಕಿತು. 2020ರ ಸಂಗತಿ ಇದು.

ಕಣ್ಣಿಗೆ, ಚರ್ಮಕ್ಕೆ ದೊಡ್ಡವರು ಪಕ್ಕದಲ್ಲಿದ್ದರೂ ನಷ್ಟವಿಲ್ಲ, ಒಪ್ಪುತ್ತೇನೆ. ಆದರೆ ಲೆಕ್ಕ ಹಾಕಿ. ದೊಡ್ಡವರು ಜೊತೆಗೆ ಬಂದರೆ ಮಾತ್ರ ಆಟ ಅಂತಾದರೆ, ಮಗು ಹೊರಗಿರುವ ಹೊತ್ತು ದೊಡ್ಡವರ ಬಿಡುವಿನಷ್ಟೇ ಆಗುತ್ತದೆ. ಆಫೀಸು, ಟ್ರಾಫಿಕ್ಕು, ಅಡುಗೆ ಕಳೆದು ಎಷ್ಟು ಉಳಿಯುತ್ತದೆ?

ಹಾಗಾದರೆ ಯಾಕೆ ಬಿಡುವುದಿಲ್ಲ? ಈಗಿನ ಅಪ್ಪ ಅಮ್ಮಂದಿರು ಅಂಜುಬುರುಕರು ಅಂತ ಬೈಯುವುದು ಸುಲಭ, ಆದರೆ ನ್ಯಾಯವಲ್ಲ. ಇಂಗ್ಲೆಂಡಿನಲ್ಲಿ ಮೇಯರ್ ಹಿಲ್‌ಮನ್ ಅನ್ನುವ ಸಂಶೋಧಕರು ಮತ್ತು ಅವರ ಜೊತೆಗಾರರು ಲೆಕ್ಕ ಹಾಕಿದ್ದರು. 1971ರಲ್ಲಿ 7-8 ವರ್ಷದ ನೂರು ಮಕ್ಕಳಲ್ಲಿ 80 ಮಕ್ಕಳು ತಾವೇ ಸ್ಕೂಲಿಗೆ ಹೋಗುತ್ತಿದ್ದರು. 1990ರ ಹೊತ್ತಿಗೆ 9 ಮಕ್ಕಳು. ಈ ನಡುವೆ ರಸ್ತೆ ಅಪಘಾತದಲ್ಲಿ ಸಾಯುವ ಮಕ್ಕಳ ಸಂಖ್ಯೆ ಇಳಿದಿತ್ತು. ರಸ್ತೆಗಳು ಸುರಕ್ಷಿತವಾದವು ಅಂತ ಸರ್ಕಾರ ಹೇಳಿತು. ರಸ್ತೆ ಸುರಕ್ಷಿತವಾಗಲಿಲ್ಲ, ಮಕ್ಕಳನ್ನು ರಸ್ತೆಯಿಂದ ಒಳಗೆ ಕರೆದುಕೊಂಡಿದ್ದಾರೆ ಅಷ್ಟೇ ಅಂತ ಹಿಲ್‌ಮನ್ ವಾದಿಸಿದರು. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳೇ ಒಂದು ಕೋಟಿ ದಾಟಿವೆ. ನಾವು ಪಾರ್ಕಿಗೆ ಓಡುತ್ತಿದ್ದಾಗ ಕ್ರಾಸ್ ರಸ್ತೆಯಲ್ಲಿ ಕಾರು ಬಂದರೆ ಯಾರ ಮನೆಗೆ ಅಂತ ನಿಂತು ನೋಡುತ್ತಿದ್ದೆವು. ಪಾರ್ಕಿನ ಬಾಗಿಲೂ ಬಹಳ ಕಾಲ ಬೆಳಿಗ್ಗೆ ವಾಕಿಂಗಿಗೆ ತೆರೆದು, ಮಧ್ಯಾಹ್ನ ಬೀಗ ಹಾಕಿ, ಸಂಜೆ ಮತ್ತೆ ತೆರೆಯುತ್ತಿತ್ತು. ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಅಂತ ಆದೇಶ ಬಂದದ್ದು 2024ರಲ್ಲಿ.

ಮಕ್ಕಳಲ್ಲಿ ಆತಂಕ, ಖಿನ್ನತೆ ಹೆಚ್ಚಿರುವುದಕ್ಕೆ ಸ್ವತಂತ್ರ ಆಟ ಕಡಿಮೆಯಾಗಿದ್ದು ಒಂದು ಮುಖ್ಯ ಕಾರಣ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಗ್ರೇ ಮತ್ತು ಇತರರು 2023ರಲ್ಲಿ ವಾದಿಸಿದ್ದಾರೆ. ಎರಡೂ ಒಂದೇ ಕಾಲದಲ್ಲಿ ನಡೆದಿವೆ ಅನ್ನುವುದು ನಿಜ. ಒಂದರಿಂದಲೇ ಇನ್ನೊಂದಾಯಿತು ಅನ್ನುವುದನ್ನು ಅಷ್ಟು ಸಲೀಸಾಗಿ ಒಪ್ಪಲು ನನಗೆ ಆಗುವುದಿಲ್ಲ. ಆ ದಶಕಗಳಲ್ಲಿ ಬದಲಾದದ್ದು ಆಟ ಒಂದೇ ಅಲ್ಲ.

ಒಬ್ಬರು ಧೈರ್ಯ ಮಾಡಿ ತಮ್ಮ ಮಗುವನ್ನು ಕಳಿಸಿದರೂ ಕೆಲಸವಾಗುವುದಿಲ್ಲ. ಖಾಲಿ ಪಾರ್ಕಿನಲ್ಲಿ ಒಂಟಿ ಮಗು ಏನು ಮಾಡೀತು? ಲಗೋರಿಗೆ ಎರಡು ಪಾಳಿ ಬೇಕು. ಇಲ್ಲಿ ಬೇಕಾಗಿರುವುದು ಬೀದಿಯವರು ಒಟ್ಟಿಗೆ ಮಾಡುವ ಏರ್ಪಾಡು. ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ 2009ರಲ್ಲಿ ಅಕ್ಕಪಕ್ಕದ ಮನೆಯ ಇಬ್ಬರು ತಾಯಂದಿರು ಹೀಗೊಂದನ್ನು ಶುರು ಮಾಡಿದರು. ನಗರಸಭೆಯಿಂದ ಅನುಮತಿ ಪಡೆದು ತಮ್ಮ ಬೀದಿಯನ್ನು ಕೆಲವು ಗಂಟೆ ವಾಹನಗಳಿಗೆ ಮುಚ್ಚಿದರು. ಬೀದಿಯ ಎರಡೂ ತುದಿಯಲ್ಲಿ ದೊಡ್ಡವರು ನಿಲ್ಲುತ್ತಾರೆ. ಆ ಬೀದಿಯಲ್ಲೇ ಮನೆ ಇರುವವರ ಕಾರು ಬಂದರೆ ಮುಂದೆ ನಡೆದುಕೊಂಡು ನಿಧಾನವಾಗಿ ಒಳಗೆ ಬಿಡುತ್ತಾರೆ. ಆಟಕ್ಕೆ ತಲೆ ಹಾಕುವುದಿಲ್ಲ. ಏನು ಆಡಬೇಕು ಅಂತ ಹೇಳುವವರೂ ಇಲ್ಲ, ಬಹುಮಾನ ಹಂಚುವವರೂ ಇಲ್ಲ. ಈಗ ಬ್ರಿಟನ್ನಿನ ಎಷ್ಟೋ ಊರುಗಳಲ್ಲಿ ಇದು ನಡೆಯುತ್ತಿದೆ.

ನಮ್ಮಲ್ಲಿ ಇದಾಗದು, ರಸ್ತೆ ಮುಚ್ಚಿದರೆ ಜನ ಸುಮ್ಮನಿರುತ್ತಾರೆಯೇ ಅಂತ ನೀವು ಕೇಳಬಹುದು. ಗಣೇಶ ಕೂರಿಸಲು ಮುಚ್ಚುತ್ತೇವೆ. ರಾಜ್ಯೋತ್ಸವದ ಆರ್ಕೆಸ್ಟ್ರಾಗೆ, ಮದುವೆಗೆ, ತಿಥಿಗೆ ಶಾಮಿಯಾನ ಹಾಕಿ ಮುಚ್ಚುತ್ತೇವೆ. ಬೈಕಿನವರು ಗೊಣಗುತ್ತಾ ಪಕ್ಕದ ಕ್ರಾಸಿಗೆ ತಿರುಗುತ್ತಾರೆ. ಮಕ್ಕಳ ಆಟಕ್ಕೆ ಮುಚ್ಚಲು ಬೇಕಾಗುವುದು ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಹಗ್ಗ, ಅಲ್ಲಿ ಕೂತು ಪೇಪರ್ ಓದಲು ತಯಾರಿರುವ ಒಬ್ಬ ರಿಟೈರ್ಡ್ ಅಂಕಲ್.